ವಿಂಡೋಸ್ ವ್ಯವಸ್ಥೆಯಲ್ಲಿ ಸ್ವಯಂಸೇವಕರ ಮುಕ್ತ ತಂತ್ರಾಂಶ: ಒಂದು ಚಾರಿತ್ರಿಕ ಸಮೀಕ್ಷೆ

೧. ಪೀಠಿಕೆ

ಗಣಕಯಂತ್ರಗಳ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ಯಂತ್ರಗಳ ವಿಕಾಸವನ್ನೋ ವಾಣಿಜ್ಯ ಸಂಸ್ಥೆಗಳ ಏಳುಬೀಳುಗಳನ್ನೋ ಮುಖ್ಯ ವಿಷಯವಾಗಿ ಇಟ್ಟುಕೊಂಡಿದ್ದಾರೆ. ಸಂಬಳವನ್ನು ಬಯಸದೆ, ಬಿಡುವಿನ ವೇಳೆಯಲ್ಲಿ, ಎಷ್ಟೋ ಸಲ ಪರಸ್ಪರ ಮುಖಪರಿಚಯವೂ ಇಲ್ಲದ ಜನರು ಕೂಡಿ ರಚಿಸಿದ ತಂತ್ರಾಂಶಗಳ ಚರಿತ್ರೆಯೂ ಈಚೆಗೆ ತಕ್ಕಮಟ್ಟಿಗೆ ಬೆಳಕಿಗೆ ಬಂದಿದೆ. ಆದರೆ ಈ ತಂತ್ರಾಂಶಗಳು ತಾವು ಹುಟ್ಟಿದ ಯೂನಿಕ್ಸ್ ಪರಿಸರವನ್ನು ಬಿಟ್ಟು, ಲೋಕದ ಬಹುಪಾಲು ಜನರ ಮೇಜಿನ ಮೇಲಿದ್ದ ವಿಂಡೋಸ್ ವ್ಯವಸ್ಥೆಗೆ ಬಂದು ನೆಲೆಸಿದ ಬಗೆಯನ್ನು ಪ್ರತ್ಯೇಕವಾಗಿ ವಿವೇಚಿಸಿದವರು ವಿರಳ. ಆ ವಿವೇಚನೆಗೆ ಒಂದು ಆರಂಭವನ್ನು ಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಮುಕ್ತ ತಂತ್ರಾಂಶವೆಂದರೆ, ಸೋರ್ಸ್ ಕೋಡ್ ಎಂದು ಕರೆಯಲಾಗುವ ಅದರ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದಾದ, ತಿದ್ದಬಹುದಾದ ಮತ್ತು ಇತರರಿಗೆ ಹಂಚಬಹುದಾದ ತಂತ್ರಾಂಶ. ಇಂಥ ತಂತ್ರಾಂಶವನ್ನು ಬೇರೊಂದು ವ್ಯವಸ್ಥೆಯಲ್ಲಿ ನಡೆಯುವಂತೆ ಮಾಡುವಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಮೊದಲನೆಯದು ಒಗ್ಗಿಸುವ ಕೆಲಸ. ಎರಡನೆಯದು ನಿರ್ವಹಿಸುವ ಕೆಲಸ. ಒಗ್ಗಿಸುವುದು ಒಮ್ಮೆ ಮುಗಿಯಬಹುದಾದುದು. ನಿರ್ವಹಿಸುವುದೆಂದರೆ, ತಂತ್ರಾಂಶದ ಪ್ರತಿಯೊಂದು ಹೊಸ ಆವೃತ್ತಿಗೂ ವಿಂಡೋಸಿನ ಪ್ರತಿಯೊಂದು ಹೊಸ ಆವೃತ್ತಿಗೂ ಮತ್ತೆ ಅದೇ ಪರೀಕ್ಷೆಯನ್ನು ನಡೆಸುವುದು, ಬಳಕೆದಾರರ ದೂರುಗಳಿಗೆ ಉತ್ತರ ಹೇಳುವುದು, ಅನುಸ್ಥಾಪನೆಯ ಕಡತವನ್ನು ಸಿದ್ಧಪಡಿಸುವುದು, ಇದಕ್ಕೆ ಕೊನೆಯಿಲ್ಲ. ಈ ಎರಡನ್ನೂ ಬೇರ್ಪಡಿಸಿ ನೋಡದಿದ್ದರೆ ಮುಂದೆ ಹೇಳುವ ಘಟನೆಗಳ ಅರ್ಥವು ಸ್ಪಷ್ಟವಾಗುವುದಿಲ್ಲವೆಂಬುದು ನಮ್ಮ ಅಭಿಪ್ರಾಯ.

ಈ ವಿಷಯದಲ್ಲಿ ಎರಡು ವಾದಗಳು ರೂಢಿಯಲ್ಲಿವೆ. ವಿಂಡೋಸನ್ನು ಒಡ್ಡೊಡ್ಡಾಗಿ ರಚಿಸಿ ಮೈಕ್ರೋಸಾಫ್ಟ್ ಸಂಸ್ಥೆಯೇ ಮುಕ್ತ ತಂತ್ರಾಂಶವನ್ನು ದೂರವಿಟ್ಟಿತೆಂದು ಒಂದು ಪಕ್ಷ. ಯೂನಿಕ್ಸ್ ಅಭಿಮಾನಿಗಳ ಹಟಮಾರಿತನವೇ ಇದಕ್ಕೆ ಕಾರಣವೆಂದು ಇನ್ನೊಂದು ಪಕ್ಷ. ಎರಡರಲ್ಲಿಯೂ ಸತ್ಯಾಂಶವುಂಟು. ಆದರೆ ಆಧಾರಗಳನ್ನು ಪರಿಶೀಲಿಸಿದಾಗ, ತಾಂತ್ರಿಕ ವ್ಯತ್ಯಾಸಗಳು ಒಂದೊಂದಾಗಿ ಪರಿಹಾರವಾದ ಮೇಲೂ ಕಷ್ಟವು ಉಳಿದುದು ಕಂಡುಬರುತ್ತದೆ. ಬಳಕೆದಾರರು ಬಹುಮಂದಿ, ನಿರ್ವಾಹಕರು ಒಬ್ಬಿಬ್ಬರು ಎಂಬ ಅಸಮತೆಯೇ ಉಳಿದ ಕಷ್ಟದ ಮೂಲ.

೨. ಎರಡು ವಂಶಗಳು

ಯೂನಿಕ್ಸ್ ವ್ಯವಸ್ಥೆಯು ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅವರಿಂದ ಆರಂಭವಾಯಿತು. ರಿಚರ್ಡ್ ಸ್ಟಾಲ್ಮನ್ ೧೯೮೩ರಲ್ಲಿ ಘೋಷಿಸಿದ ಗ್ನೂ ಯೋಜನೆಯೂ, ಲಿನಸ್ ಟೊರ್ವಾಲ್ಡ್ಸ್ ೧೯೯೧ರಲ್ಲಿ ಆರಂಭಿಸಿದ ಲಿನಕ್ಸ್ ಸಹ ಈ ವಂಶದವೇ. ಆದಕಾರಣ ಸ್ವಯಂಸೇವಕರು ಬರೆದ ತಂತ್ರಾಂಶಗಳಲ್ಲಿ ಯೂನಿಕ್ಸಿನ ನಡವಳಿಕೆಗಳು, ಬರೆದವರಿಗೆ ಅರಿವೇ ಇಲ್ಲದಂತೆ, ಬೆರೆತುಹೋಗಿದ್ದುವು.

ವಿಂಡೋಸಿನ ವಂಶವೃಕ್ಷ ಬೇರೆ. ಅದರ ಪೂರ್ವಜವಾದ ಎಂಎಸ್-ಡಾಸ್ ೧೯೮೧ರಲ್ಲಿ ಐಬಿಎಂ ಸಂಸ್ಥೆಯ ಕಿರುಗಣಕದೊಡನೆ ಬಂದಿತು. ಅದು ಗ್ಯಾರಿ ಕಿಲ್ಡಾಲ್ ರಚಿಸಿದ ಸಿಪಿ/ಎಂ ವ್ಯವಸ್ಥೆಯ ಅನೇಕ ಪದ್ಧತಿಗಳನ್ನು ಅನುಸರಿಸಿತು. ಡಿಸ್ಕುಗಳನ್ನು ಎ, ಬಿ, ಸಿ ಎಂಬ ಅಕ್ಷರಗಳಿಂದ ಕರೆಯುವ ವಾಡಿಕೆ ಅಲ್ಲಿಂದ ಬಂದುದು. ಪಠ್ಯದ ಸಾಲು ಮುಗಿದಾಗ ಎರಡು ಚಿಹ್ನೆಗಳನ್ನು ಇಡುವ ಕ್ರಮವೂ ಅಲ್ಲಿಯದೇ. ದೂರಮುದ್ರಕ ಯಂತ್ರದಲ್ಲಿ ಅಚ್ಚಿನ ತಲೆಯನ್ನು ಸಾಲಿನ ಆರಂಭಕ್ಕೆ ತರುವುದು ಒಂದು ಕ್ರಿಯೆ, ಕಾಗದವನ್ನು ಒಂದು ಸಾಲು ಮೇಲಕ್ಕೆ ಸರಿಸುವುದು ಇನ್ನೊಂದು ಕ್ರಿಯೆ. ಅದರ ಕುರುಹೇ ಈ ಜೋಡಿ ಚಿಹ್ನೆ. ಯೂನಿಕ್ಸ್ ಇವುಗಳಲ್ಲಿ ಎರಡನೆಯದನ್ನು ಮಾತ್ರ ಇಟ್ಟುಕೊಂಡಿತು. ಯಂತ್ರವೇ ಬಳಕೆತಪ್ಪಿದ ಮೇಲೂ ಈ ಒಂದು ಚಿಹ್ನೆಯ ವ್ಯತ್ಯಾಸವು ಎಷ್ಟೋ ಸಾವಿರ ಕಡತಗಳನ್ನು ಕೆಡಿಸಿದೆ. ವಿಂಡೋಸಿನ ನೋಟ್‌ಪ್ಯಾಡ್ ಯೂನಿಕ್ಸ್ ಕ್ರಮದ ಸಾಲುಗಳನ್ನು ಸರಿಯಾಗಿ ತೋರಿಸತೊಡಗಿದುದು ೨೦೧೮ರಲ್ಲಿ ಎಂಬುದನ್ನು ಗಮನಿಸಿದರೆ ಈ ಪದ್ಧತಿಯ ದೀರ್ಘಾಯುಷ್ಯವು ಮನವರಿಕೆಯಾಗುತ್ತದೆ.

ಡಾಸಿನ ಮೊದಲ ಆವೃತ್ತಿಯಲ್ಲಿ ಕಡತಗಳನ್ನು ಕೋಶದೊಳಗೆ ಕೋಶವಾಗಿ ಜೋಡಿಸುವ ಅನುಕೂಲವಿರಲಿಲ್ಲ. ೧೯೮೩ರ ಎರಡನೆಯ ಆವೃತ್ತಿಯಲ್ಲಿ ಅದನ್ನು ಸೇರಿಸುವ ವೇಳೆಗೆ, ಯೂನಿಕ್ಸ್ ಮಾರ್ಗಸೂಚಕವಾಗಿ ಬಳಸುತ್ತಿದ್ದ ಓರೆಗೆರೆಯು ಆಜ್ಞೆಗಳ ವಿಶೇಷಣಗಳನ್ನು ಸೂಚಿಸುವ ಕೆಲಸಕ್ಕೆ ಆಗಲೇ ಬಳಕೆಯಾಗಿಬಿಟ್ಟಿದ್ದುದರಿಂದ, ಅದರ ವಿರುದ್ಧ ದಿಕ್ಕಿಗೆ ವಾಲಿದ ಗೆರೆಯನ್ನು ಆಯ್ದುಕೊಳ್ಳಬೇಕಾಯಿತು. ಮುದ್ರಕ, ತೆರೆ ಮುಂತಾದ ಸಾಧನಗಳಿಗೆ ಮೀಸಲಿಟ್ಟಿದ್ದ ಕಾನ್, ಪಿಆರ್‌ಎನ್, ಆಕ್ಸ್, ನಲ್ ಎಂಬ ಹೆಸರುಗಳು ಕೋಶಗಳು ಬಂದ ಮೇಲೂ ಎಲ್ಲ ಕೋಶಗಳಲ್ಲಿಯೂ ಮೀಸಲಾಗಿಯೇ ಉಳಿದುವು. ಲಿನಕ್ಸ್ ತಿರುಳಿನ ಮೂಲಪಾಠದಲ್ಲಿ 'ಆಕ್ಸ್' ಎಂಬ ಹೆಸರಿನ ಕಡತವಿರುವುದರಿಂದ, ಅದನ್ನು ವಿಂಡೋಸಿನಲ್ಲಿ ಸಾಮಾನ್ಯ ರೀತಿಯಲ್ಲಿ ಇಳಿಸಿಕೊಳ್ಳಲು ಹೋದವರಿಗೆ ನಾಲ್ಕು ದಶಕಗಳ ಹಿಂದಿನ ಈ ನಿರ್ಣಯವು ಅಡ್ಡಬರುತ್ತದೆ.

ಇನ್ನೂ ಮೂರು ವ್ಯತ್ಯಾಸಗಳನ್ನು ಸಂಕ್ಷೇಪವಾಗಿ ಹೇಳಬಹುದು. ರೋಮನ್ ಲಿಪಿಯ ದೊಡ್ಡಕ್ಷರ ಸಣ್ಣಕ್ಷರಗಳನ್ನು ಯೂನಿಕ್ಸ್ ಬೇರೆ ಬೇರೆ ಹೆಸರುಗಳೆಂದು ಎಣಿಸುತ್ತದೆ. ವಿಂಡೋಸ್ ಸಾಮಾನ್ಯವಾಗಿ ಒಂದೆಂದೇ ಎಣಿಸುತ್ತದೆ. ತೆರೆದಿರುವ ಕಡತವನ್ನು ಅಳಿಸಲು ಯೂನಿಕ್ಸ್ ಅವಕಾಶ ಕೊಡುತ್ತದೆ; ವಿಂಡೋಸ್ ಸಾಮಾನ್ಯವಾಗಿ ತಡೆಯುತ್ತದೆ. ಕಡತದ ಪೂರ್ಣ ಮಾರ್ಗದ ಉದ್ದಕ್ಕೆ ವಿಂಡೋಸಿನಲ್ಲಿ ಬಹುಕಾಲ ೨೬೦ ಅಕ್ಷರಗಳ ಮಿತಿಯಿತ್ತು. ೨೦೧೬ರ ಒಂದು ಆವೃತ್ತಿಯಲ್ಲಿ ಬೇಕೆಂದವರಿಗೆ ಮಾತ್ರ ಅದನ್ನು ಸಡಿಲಿಸಲಾಯಿತು. ಇವುಗಳಲ್ಲಿ ಯಾವುದೂ ದುರುದ್ದೇಶದಿಂದ ಹುಟ್ಟಿದುದಲ್ಲ. ಹಳೆಯ ತಂತ್ರಾಂಶವು ಹೊಸ ಆವೃತ್ತಿಯಲ್ಲಿಯೂ ನಡೆಯಬೇಕೆಂಬ ವಾಣಿಜ್ಯಸಹಜವಾದ ಎಚ್ಚರವೇ ಇವುಗಳನ್ನು ಕಾಪಾಡಿಕೊಂಡು ಬಂದಿತು.

೩. ಒಗ್ಗಿಸುವ ಎರಡು ಮಾರ್ಗಗಳು

ಗ್ನೂ ಯೋಜನೆಯ ಸಿ ಕಂಪೈಲರನ್ನು ಡಾಸಿಗೆ ತರಬಹುದೇ ಎಂದು ಡಿ. ಜೆ. ಡೆಲೋರಿ ಎಂಬ ತರುಣನು ಸ್ಟಾಲ್ಮನ್ನರನ್ನು ಒಂದು ಸಭೆಯಲ್ಲಿ ಕೇಳಿದಾಗ, ಕಂಪೈಲರು ಬಹಳ ದೊಡ್ಡದು, ಡಾಸಾದರೋ ೩೨ ಬಿಟ್ಟುಗಳ ವ್ಯವಸ್ಥೆಯಲ್ಲ, ಆದುದರಿಂದ ಅದು ಆಗದ ಕೆಲಸವೆಂಬ ಉತ್ತರ ಬಂದಿತು. ಡೆಲೋರಿ ೧೯೮೯ರಲ್ಲಿ ಆ ಕೆಲಸಕ್ಕೇ ಕೈಹಾಕಿ ಡಿಜೆಜಿಪಿಪಿ ಎಂಬ ಉಪಕರಣಸಮೂಹವನ್ನು ರಚಿಸಿದನು. ಸಮುದಾಯದ ಮುಂದಾಳುಗಳು ಕೈಬಿಟ್ಟ ಕೆಲಸವನ್ನು ಹೊರಗಿನ ಒಬ್ಬ ವ್ಯಕ್ತಿ ಹಿಡಿದು ನಡೆಸುವ ಈ ಮಾದರಿಯು ಮುಂದೆ ಪದೇ ಪದೇ ಕಾಣಿಸಿಕೊಳ್ಳುತ್ತದೆ.

೧೯೯೩ರಲ್ಲಿ ವಿಂಡೋಸ್ ಎನ್‌ಟಿ, ೧೯೯೫ರಲ್ಲಿ ವಿಂಡೋಸ್ ೯೫ ಬಂದ ಮೇಲೆ ಪರಿಸ್ಥಿತಿಯು ಬದಲಾಯಿತು. ಗ್ನೂ ತಂತ್ರಾಂಶಗಳಿಗೆ ಹಣ ಪಡೆದು ನೆರವು ನೀಡುತ್ತಿದ್ದ ಸಿಗ್ನಸ್ ಸಂಸ್ಥೆಯ ಸ್ಟೀವ್ ಚೇಂಬರ್ಲೇನ್, ಈ ಹೊಸ ವ್ಯವಸ್ಥೆಗಳು ಬಳಸುತ್ತಿದ್ದ ಕಡತರೂಪವು ಗ್ನೂ ಕಂಪೈಲರಿಗೆ ಆಗಲೇ ಪರಿಚಿತವಾದುದೆಂಬುದನ್ನು ಗಮನಿಸಿ, ೧೯೯೫ರಲ್ಲಿ ಸಿಗ್ವಿನ್ ಯೋಜನೆಯನ್ನು ಆರಂಭಿಸಿದನು. ಯೂನಿಕ್ಸ್ ತಂತ್ರಾಂಶದ ಪ್ರತಿಯೊಂದು ಕೋರಿಕೆಯನ್ನೂ ವಿಂಡೋಸಿಗೆ ಅರ್ಥವಾಗುವಂತೆ ಮಾರ್ಪಡಿಸುವ ಒಂದು ಮಧ್ಯವರ್ತಿ ಭಂಡಾರವನ್ನು ರಚಿಸಿದರೆ, ತಂತ್ರಾಂಶಗಳನ್ನು ಒಂದೊಂದಾಗಿ ತಿದ್ದಬೇಕಾದ ಅಗತ್ಯವಿಲ್ಲವೆಂಬುದು ಇದರ ತತ್ತ್ವ.

ಈ ಮಾರ್ಗದ ಬಲಾಬಲಗಳು ಒಂದೇ ಉದಾಹರಣೆಯಿಂದ ತಿಳಿಯುತ್ತವೆ. ನಡೆಯುತ್ತಿರುವ ಕಾರ್ಯವೊಂದು ತನ್ನದೇ ಪ್ರತಿರೂಪವನ್ನು ಹುಟ್ಟಿಸಿಕೊಳ್ಳುವುದು ಯೂನಿಕ್ಸಿನ ಮೂಲಭೂತ ಕ್ರಿಯೆಗಳಲ್ಲೊಂದು. ಇದಕ್ಕೆ ಫೋರ್ಕ್ ಎಂದು ಹೆಸರು. ಸಾಮಾನ್ಯ ವಿಂಡೋಸ್ ತಂತ್ರಾಂಶಕ್ಕೆ ಇಂಥ ಕ್ರಿಯೆ ಲಭ್ಯವಿಲ್ಲ. ಅಲ್ಲಿ ಹೊಸ ಕಾರ್ಯವನ್ನು ಮೊದಲಿನಿಂದಲೇ ಆರಂಭಿಸಬೇಕು. ಸಿಗ್ವಿನ್ ಹೊಸ ಕಾರ್ಯವೊಂದನ್ನು ಆರಂಭಿಸಿ, ತಡೆದು ನಿಲ್ಲಿಸಿ, ಹಳೆಯದರ ಸ್ಮೃತಿಯನ್ನೆಲ್ಲ ಅದಕ್ಕೆ ನಕಲುಮಾಡಿ, ಬಳಿಕ ಮುಂದುವರಿಯಗೊಡುತ್ತದೆ. ಫಲವು ಸರಿಯಾದುದೇ, ಆದರೆ ವಿಳಂಬವು ಅಧಿಕ. ಯೂನಿಕ್ಸಿನಲ್ಲಿ ಕ್ಷಣಾರ್ಧದಲ್ಲಿ ಮುಗಿಯುವ ಕೆಲಸವು ಇಲ್ಲಿ ಬೇಸರ ಹುಟ್ಟಿಸುವಷ್ಟು ನಿಧಾನವಾಗುತ್ತಿತ್ತು.

ಎರಡನೆಯ ಮಾರ್ಗವನ್ನು ತೋರಿಸಿದವನು ಕಾಲಿನ್ ಪೀಟರ್ಸ್. ಆತನು ೧೯೯೮ರಲ್ಲಿ ಹೊರತಂದ ಮಿಂಗ್‌ಡಬ್ಲ್ಯೂ ಎಂಬ ಉಪಕರಣದಲ್ಲಿ ಮಧ್ಯವರ್ತಿಯಿಲ್ಲ. ಗ್ನೂ ಕಂಪೈಲರಿನಿಂದಲೇ ಶುದ್ಧ ವಿಂಡೋಸ್ ತಂತ್ರಾಂಶವನ್ನು ಸಿದ್ಧಪಡಿಸಬಹುದು, ವೇಗವೂ ಹೆಚ್ಚು. ಆದರೆ ಯೂನಿಕ್ಸಿನ ನಡವಳಿಕೆಗಳನ್ನು ನಂಬಿದ ಮೂಲಪಾಠದ ಭಾಗಗಳನ್ನೆಲ್ಲ ಹುಡುಕಿ ತಿದ್ದುವ ಹೊಣೆಯು ತಂತ್ರಾಂಶದ ಕರ್ತೃಗಳ ಮೇಲೆ ಬೀಳುತ್ತದೆ. ಬರ್ಕ್‌ಲಿ ವಿಶ್ವವಿದ್ಯಾನಿಲಯದಲ್ಲಿ ೧೯೮೬ರಲ್ಲಿ ಮೊಳೆತ ಪೋಸ್ಟ್‌ಗ್ರೆಸ್ ದತ್ತಾಂಶ ವ್ಯವಸ್ಥೆಯು ಬಹುಕಾಲ ಸಿಗ್ವಿನ್ನಿನ ಆಸರೆಯಲ್ಲಿಯೇ ವಿಂಡೋಸಿನಲ್ಲಿ ನಡೆಯುತ್ತಿದ್ದು, ೨೦೦೫ರ ಜನವರಿಯಲ್ಲಿ ಬಂದ ಎಂಟನೆಯ ಆವೃತ್ತಿಯಿಂದ ಮಾತ್ರ ಸ್ವತಂತ್ರವಾಗಿ ನಡೆಯತೊಡಗಿತು. ಪ್ರತಿಯೊಬ್ಬ ಬಳಕೆದಾರನಿಗೂ ಫೋರ್ಕಿನಿಂದ ಒಂದೊಂದು ಕಾರ್ಯವನ್ನು ಹುಟ್ಟಿಸುತ್ತಿದ್ದ ಅದರ ರಚನೆಗೆ ವಿಂಡೋಸಿನಲ್ಲಿ ಬೇರೆಯೇ ದಾರಿಯನ್ನು ಕಲ್ಪಿಸಬೇಕಾದುದು ಈ ತಡಕ್ಕೆ ಒಂದು ಮುಖ್ಯ ಕಾರಣ.

ಮೊದಲನೆಯ ಮಾರ್ಗದಲ್ಲಿ ಮಧ್ಯವರ್ತಿಯನ್ನು ಕಾಪಾಡುವವರ ಮೇಲೂ, ಎರಡನೆಯದರಲ್ಲಿ ಒಂದೊಂದು ತಂತ್ರಾಂಶದ ಕರ್ತೃಗಳ ಮೇಲೂ ಭಾರವು ಬೀಳುತ್ತದೆ. ಮಾರ್ಗವು ಬದಲಾದಾಗ ಭಾರವು ಹೆಗಲಿನಿಂದ ಹೆಗಲಿಗೆ ಹೋಯಿತೇ ಹೊರತು ಇಳಿಯಲಿಲ್ಲ.

೪. ಏಕಾಂಗಿ ನಿರ್ವಾಹಕರು

ಚಿತ್ರಗಳನ್ನು ತಿದ್ದುವ ಗಿಂಪ್ ಎಂಬ ತಂತ್ರಾಂಶವನ್ನು ಬರ್ಕ್‌ಲಿಯ ವಿದ್ಯಾರ್ಥಿಗಳಾದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ ೧೯೯೫ರಲ್ಲಿ ಆರಂಭಿಸಿದರು. ಅದನ್ನು ವಿಂಡೋಸಿಗೆ ತಂದವನು ಫಿನ್ಲೆಂಡಿನ ಟೋರ್ ಲಿಲ್‌ಕ್ವಿಸ್ಟ್. ೧೯೯೭ರಲ್ಲಿ ಅವನು ಕೈಗೊಂಡ ಈ ಕೆಲಸವು ಗಿಂಪ್ ಒಂದರಿಂದ ಮುಗಿಯಲಿಲ್ಲ. ಗಿಂಪಿನ ಕಿಟಕಿ ಗುಂಡಿಗಳನ್ನು ಬಿಡಿಸುವ ಜಿಟಿಕೆ ಭಂಡಾರ, ಅದರ ಕೆಳಗಿನ ಜಿಲಿಬ್ ಭಂಡಾರ, ಹೀಗೆ ತಳಪಾಯದವರೆಗೂ ಇಳಿದು ಎಲ್ಲವನ್ನೂ ಒಗ್ಗಿಸಬೇಕಾಯಿತು. ಆ ಭಂಡಾರಗಳನ್ನೇ ಅವಲಂಬಿಸಿದ ಇತರ ಅನೇಕ ತಂತ್ರಾಂಶಗಳು ಮುಂದೆ ವಿಂಡೋಸಿಗೆ ಬರುವುದು ಇದರಿಂದ ಸುಲಭವಾಯಿತು.

ಗಿಟ್ ತಂತ್ರಾಂಶದ ಚರಿತ್ರೆಯು ಇನ್ನೂ ಬೋಧಪ್ರದವಾಗಿದೆ. ಮೂಲಪಾಠದ ಆವೃತ್ತಿಗಳನ್ನು ಕಾಪಾಡುವ ಈ ತಂತ್ರಾಂಶವನ್ನು ಟೊರ್ವಾಲ್ಡ್ಸ್ ೨೦೦೫ರ ಏಪ್ರಿಲಿನಲ್ಲಿ ರಚಿಸಿದನು. ಅದರ ಬಹುಭಾಗವು ಆಗ ಯೂನಿಕ್ಸ್ ಶೆಲ್ಲಿನ ಆಜ್ಞಾವಳಿಗಳಾಗಿದ್ದು, ಒಂದು ಆಜ್ಞೆಗೆ ಹತ್ತಾರು ಕಿರುಕಾರ್ಯಗಳು ಹುಟ್ಟಿ ಅಳಿಯುತ್ತಿದ್ದುವು. ಅಂದರೆ ವಿಂಡೋಸಿಗೆ ಅತ್ಯಂತ ಕಷ್ಟವಾದ ಕ್ರಿಯೆಯೇ ಅದರ ಜೀವಾಳ. ಯೋಹಾನೆಸ್ ಸಿಕ್ಸ್ಟ್ ಇದನ್ನು ಮಿಂಗ್‌ಡಬ್ಲ್ಯೂ ಮಾರ್ಗದಿಂದ ಒಗ್ಗಿಸಿದನು. ೨೦೦೭ರಲ್ಲಿ ಯೋಹಾನೆಸ್ ಶಿಂಡೆಲಿನ್, ಶೆಲ್ಲು ಮತ್ತಿತರ ಉಪಕರಣಗಳನ್ನೆಲ್ಲ ಒಂದೇ ಕಟ್ಟಿನಲ್ಲಿ ಸೇರಿಸಿ ಸಾಮಾನ್ಯ ಬಳಕೆದಾರನೂ ಸ್ಥಾಪಿಸಿಕೊಳ್ಳಬಹುದಾದ ರೂಪವನ್ನು ಕೊಟ್ಟನು. ೨೦೦೮ರ ೧.೬.೦ ಆವೃತ್ತಿಯಲ್ಲಿ ಮಿಂಗ್‌ಡಬ್ಲ್ಯೂಗೆ ಬೇಕಾದ ತಿದ್ದುಪಡಿಗಳು ಗಿಟ್ಟಿನ ಮುಖ್ಯ ಮೂಲಪಾಠವನ್ನು ಸೇರಿದುವು. ಶಿಂಡೆಲಿನ್ನನ ವೃತ್ತಿಯು ಆಗ ಬೇರೆಯಾಗಿತ್ತೆಂಬುದು ಗಮನಾರ್ಹ: ಜೀವವಿಜ್ಞಾನದ ಚಿತ್ರಗಳನ್ನು ವಿಶ್ಲೇಷಿಸುವ ಫೀಜಿ ಎಂಬ ತಂತ್ರಾಂಶವನ್ನು ಕುರಿತು ೨೦೧೨ರಲ್ಲಿ ಪ್ರಕಟವಾದ ಪ್ರಸಿದ್ಧ ಪ್ರಬಂಧದ ಮೊದಲ ಲೇಖಕನು ಅವನೇ. ಅವನು ಮೈಕ್ರೋಸಾಫ್ಟ್ ಸಂಸ್ಥೆಯನ್ನು ಸೇರಿದುದು ೨೦೧೫ರಲ್ಲಿ. ಅಂದಮೇಲೆ ವಿಂಡೋಸ್ ಗಿಟ್ಟಿನ ಮೊದಲ ಎಂಟು ವರ್ಷಗಳ ಭಾರವನ್ನು ಮುಖ್ಯವಾಗಿ ಹೊತ್ತುದು ಸ್ವಯಂಸೇವೆಯೇ.

ಈ ಭಾರವು ಎಂಥದೆಂಬುದಕ್ಕೆ ೨೦೧೪ರ ಡಿಸೆಂಬರಿನಲ್ಲಿ ಪ್ರಕಟವಾದ ಒಂದು ಭದ್ರತಾದೋಷವು ನಿದರ್ಶನ. ಗಿಟ್ ತನ್ನ ಆಂತರಿಕ ದಾಖಲೆಗಳನ್ನು ಸಣ್ಣಕ್ಷರಗಳ ಹೆಸರಿನ ಒಂದು ಕೋಶದಲ್ಲಿ ಇಡುತ್ತದೆ. ಹೊರಗಿನಿಂದ ಬಂದ ಕಡತಗಳು ಆ ಕೋಶವನ್ನು ಮುಟ್ಟದಂತೆ ತಡೆಯುತ್ತದೆ. ಆದರೆ ಅದೇ ಹೆಸರನ್ನು ದೊಡ್ಡಕ್ಷರಗಳಲ್ಲಿ ಬರೆದರೆ ಗಿಟ್ ಅದನ್ನು ಬೇರೆಯೆಂದು ಬಗೆದು ಒಳಗೆ ಬಿಡುತ್ತಿತ್ತು; ವಿಂಡೋಸಾದರೋ ಎರಡನ್ನೂ ಒಂದೆಂದು ಬಗೆದು ಆಂತರಿಕ ದಾಖಲೆಯ ಮೇಲೆಯೇ ಬರೆಯುತ್ತಿತ್ತು. ಡಾಸ್ ಕಾಲದ ಎಂಟಕ್ಷರದ ಮೊಟಕು ಹೆಸರಿನಿಂದಲೂ ಇದೇ ವಂಚನೆ ಸಾಧ್ಯವಿತ್ತು. ಎರಡು ವಂಶಗಳ ವ್ಯತ್ಯಾಸವೊಂದು ಬಳಕೆದಾರನ ಯಂತ್ರದಲ್ಲಿ ಪರರ ಆಜ್ಞೆ ನಡೆಯುವುದಕ್ಕೆ ಹೀಗೆ ಬಾಗಿಲಾಯಿತು. ಯೂನಿಕ್ಸಿನಲ್ಲಿ ಮಾತ್ರ ಕೆಲಸಮಾಡುವವನಿಗೆ ಇಂಥ ದೋಷವು ಹೊಳೆಯುವುದೇ ಕಷ್ಟ.

ವಿಂಡೋಸಿನ ಒತ್ತಾಯವು ಮೂಲ ತಂತ್ರಾಂಶಕ್ಕೆ ಹಾನಿಯನ್ನೇ ಮಾಡಿತೆಂದು ಭಾವಿಸಬಾರದು. ಶೆಲ್ಲಿನ ಆಜ್ಞಾವಳಿಗಳು ವಿಂಡೋಸಿನಲ್ಲಿ ನಿಧಾನವಾದುದು, ಅವುಗಳನ್ನು ಒಂದೊಂದಾಗಿ ಸಿ ಭಾಷೆಗೆ ತಿರುಗಿಸುವುದಕ್ಕೆ ಬಲವಾದ ಪ್ರೇರಣೆಯಾಯಿತು. ೨೦೧೮ರಲ್ಲಿ ಈ ಕೆಲಸದ ಕೆಲವು ದೊಡ್ಡ ಭಾಗಗಳನ್ನು ಬೇಸಗೆಯ ಯೋಜನೆಯೊಂದರಲ್ಲಿ ವಿದ್ಯಾರ್ಥಿಗಳು ನಿರ್ವಹಿಸಿದರು. ಅದರ ವೇಗವು ಲಿನಕ್ಸ್ ಬಳಕೆದಾರರಿಗೂ ದಕ್ಕಿತು.

ಶ್ರಮದ ಬೆಲೆಯ ಪ್ರಶ್ನೆಯು ಬಹಿರಂಗವಾಗಿ ಎದ್ದುದು ಎಕ್ಸ್‌ಚಾಟ್ ಎಂಬ ಸಂಭಾಷಣೆಯ ತಂತ್ರಾಂಶದ ವಿಷಯದಲ್ಲಿ. ವಿಂಡೋಸ್ ಆವೃತ್ತಿಯನ್ನು ಸಿದ್ಧಪಡಿಸುವುದಕ್ಕೆ ಬಹಳ ಕಾಲ ವ್ಯಯವಾಗುತ್ತದೆಂದು ಹೇಳಿ ಅದರ ಕರ್ತೃವು ೨೦೦೪ರಲ್ಲಿ ಆ ಆವೃತ್ತಿಗೆ ಮಾತ್ರ ಶುಲ್ಕವನ್ನು ಗೊತ್ತುಮಾಡಿದನು. ಇತರರು ಉಚಿತವಾಗಿ ಕೊಟ್ಟ ಮೂಲಪಾಠವೂ ಅದರಲ್ಲಿದ್ದುದರಿಂದ ಆಕ್ಷೇಪಗಳೆದ್ದುವು. ಮೂಲಪಾಠವು ಮುಕ್ತವಾಗಿದ್ದುದರಿಂದ ಬೇರೆಯವರು ಉಚಿತ ಆವೃತ್ತಿಗಳನ್ನು ಸಿದ್ಧಪಡಿಸಿದರು. ಕರ್ತೃವಿನ ನಡೆ ಸರಿಯೋ ತಪ್ಪೋ ಎಂಬ ತೀರ್ಪು ನಮ್ಮ ಕೆಲಸವಲ್ಲ. ಆದರೆ ಉಚಿತವೆನಿಸಿದ ವಸ್ತುವಿನ ಹಿಂದೆ ಬೆಲೆಯುಳ್ಳ ಶ್ರಮವಿದೆಯೆಂಬುದನ್ನು ಈ ಪ್ರಸಂಗವು ಎತ್ತಿಹೇಳಿತು.

೫. ಕನ್ನಡದ ಕಡತನಾಮಗಳು

ಇಲ್ಲಿಯವರೆಗೆ ಹೇಳಿದುದು ಪಾಶ್ಚಾತ್ಯ ದೇಶಗಳ ವೃತ್ತಾಂತವಾದರೂ ಅದರ ಒಂದು ಎಳೆ ನಮ್ಮ ಭಾಷೆಯನ್ನು ನೇರವಾಗಿ ಮುಟ್ಟುತ್ತದೆ. ಬರಹ, ನುಡಿ ಮೊದಲಾದ ಕನ್ನಡ ಲಿಪಿಯ ತಂತ್ರಾಂಶಗಳು ವಿಂಡೋಸಿನಲ್ಲಿ ಪ್ರಚಾರಕ್ಕೆ ಬಂದುದರಿಂದ ಕನ್ನಡದಲ್ಲಿ ಬೆರಳಚ್ಚು ಮಾಡುವವರಲ್ಲಿ ಬಹುಮಂದಿ ವಿಂಡೋಸಿಗೆ ಒಗ್ಗಿದವರಾಗಿದ್ದರು. ೨೦೦೧ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಅಕ್ಷರವಿನ್ಯಾಸದೊಡನೆ ಯೂನಿಕೋಡ್ ಕನ್ನಡಕ್ಕೆ ವ್ಯವಸ್ಥೆಯಲ್ಲಿಯೇ ಸ್ಥಾನ ದೊರೆಯಿತು.

ವಿಂಡೋಸಿನಲ್ಲಿ ಕಡತದ ಹೆಸರನ್ನು ಕೇಳುವುದಕ್ಕೆ ಎರಡು ದಾರಿಗಳಿವೆ: ಯೂನಿಕೋಡಿನದೊಂದು, ಪ್ರದೇಶಕ್ಕೊಂದರಂತೆ ಗೊತ್ತುಮಾಡಿದ ಹಳೆಯ ಕಿರುಸಂಕೇತಪಟ್ಟಿಯದೊಂದು. ಯೂನಿಕ್ಸಿನಿಂದ ಬಂದ ತಂತ್ರಾಂಶವು ಯಾವ ತಿದ್ದುಪಡಿಯೂ ಇಲ್ಲದೆ ನಡೆದರೆ ಎರಡನೆಯ ದಾರಿಯನ್ನೇ ಹಿಡಿಯುತ್ತದೆ. ಪಶ್ಚಿಮ ಯೂರೋಪಿನ ಭಾಷೆಗಳಿಗೆ ಅಂಥ ಪಟ್ಟಿಯಿತ್ತು, ಕನ್ನಡಕ್ಕೆ ಇರಲಿಲ್ಲ. ಕನ್ನಡವು ವಿಂಡೋಸನ್ನು ಪ್ರವೇಶಿಸಿದುದೇ ಯೂನಿಕೋಡ್ ಭಾಷೆಯಾಗಿ. ಇದರ ಫಲವಾಗಿ, 'ಪ್ರಬಂಧ' ಎಂಬ ಹೆಸರಿನ ಕಡತವನ್ನು ತೆರೆಯಹೊರಟ ಇಂಥ ತಂತ್ರಾಂಶಕ್ಕೆ ಅಕ್ಷರಗಳ ಸ್ಥಾನದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಮಾತ್ರ ದೊರೆಯುತ್ತಿದ್ದುವು. ಕಡತವೇ ಇಲ್ಲವೆಂದು ಅದು ವರದಿಮಾಡುತ್ತಿತ್ತು. ಜರ್ಮನ್ ಅಥವಾ ಫ್ರೆಂಚ್ ಹೆಸರುಗಳಿಂದ ಪರೀಕ್ಷಿಸಿದ ಕರ್ತೃವಿಗೆ ಈ ದೋಷವು ಗೋಚರವಾಗುವಂತೆಯೇ ಇರಲಿಲ್ಲ. ವಿಂಡೋಸ್ ಗಿಟ್ಟಿಗೆ ಯೂನಿಕೋಡ್ ಹೆಸರುಗಳು ಬಂದುದು ೨೦೧೨ರಲ್ಲಿ. ಪೈಥಾನ್ ಭಾಷೆಯು ವಿಂಡೋಸಿನಲ್ಲಿ ಕಡತನಾಮಗಳ ಸಂಕೇತಕ್ರಮವನ್ನು ಯುಟಿಎಫ್-೮ಕ್ಕೆ ಬದಲಾಯಿಸಿದುದು ೨೦೧೬ರ ಕೊನೆಯ ೩.೬ ಆವೃತ್ತಿಯಲ್ಲಿ. ಅಲ್ಪಸಂಖ್ಯೆಯ ನಿರ್ವಾಹಕರಿದ್ದಲ್ಲಿ ಅವರ ಕಣ್ಣಿಗೆ ಬೀಳದ ಭಾಷೆಗಳ ಸರದಿ ಕೊನೆಗೆ ಬರುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರವು ಬೇಕಿಲ್ಲ.

೬. ವಿಜ್ಞಾನದ ಉಪಕರಣಗಳು ಮತ್ತು ಒಬ್ಬ ವಿಜ್ಞಾನಿ

ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಹೆಚ್ಚು ಹತ್ತಿರವಾದುದು ಪೈಥಾನ್ ಭಾಷೆಯ ಗಣಿತ ಭಂಡಾರಗಳ ವೃತ್ತಾಂತ. ಸೈಪೈ ಎಂಬ ಭಂಡಾರವು ೨೦೦೧ರಲ್ಲಿ ಹೊರಬಂದಿತು. ಅದರೊಳಗೆ ಫೋರ್ಟ್ರಾನ್ ಭಾಷೆಯಲ್ಲಿ ಬರೆದ ಹಳೆಯ, ನಂಬಿಕೆಗೆ ಅರ್ಹವಾದ ಗಣನಕ್ರಮಗಳಿವೆ. ಲಿನಕ್ಸಿನಲ್ಲಿ ಇವುಗಳನ್ನು ಉಚಿತ ಕಂಪೈಲರಿನಿಂದ ಸಿದ್ಧಪಡಿಸಬಹುದು. ವಿಂಡೋಸಿನ ಪೈಥಾನಾದರೋ ಮೈಕ್ರೋಸಾಫ್ಟ್ ಕಂಪೈಲರಿನಿಂದ ಸಿದ್ಧವಾದುದು. ಅದಕ್ಕೆ ಹೊಂದುವ ಉಚಿತ ಫೋರ್ಟ್ರಾನ್ ಕಂಪೈಲರು ಬಹುಕಾಲ ಇರಲಿಲ್ಲ. ಸಾಮಾನ್ಯ ವಿದ್ಯಾರ್ಥಿಯು ಸೈಪೈಯನ್ನು ತಾನೇ ಸಿದ್ಧಪಡಿಸಿಕೊಳ್ಳಹೊರಟರೆ ದಿನಗಟ್ಟಲೆ ಹೆಣಗಿ ಸೋಲುವುದೇ ಹೆಚ್ಚು.

ಈ ಕೊರತೆಯನ್ನು ಅನೇಕ ವರ್ಷಗಳ ಕಾಲ ನೀಗಿದವನು ಕ್ರಿಸ್ಟೋಫ್ ಗೋಲ್ಕೆ ಎಂಬ ವಿಜ್ಞಾನಿ. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಅರ್ವೈನ್ ಶಾಖೆಯಲ್ಲಿ ಪ್ರತಿದೀಪ್ತಿಯನ್ನು ಅಭ್ಯಸಿಸುವ ಪ್ರಯೋಗಶಾಲೆಯೊಂದರಲ್ಲಿದ್ದ ಆತನು ಸೈಪೈಯೂ ಸೇರಿದಂತೆ ನೂರಾರು ಪೈಥಾನ್ ಭಂಡಾರಗಳ ವಿಂಡೋಸ್ ರೂಪಗಳನ್ನು ತಾನೇ ಸಿದ್ಧಪಡಿಸಿ ಎಲ್ಲರಿಗೂ ಒದಗಿಸುತ್ತಿದ್ದನು. ಅವು ಅನಧಿಕೃತವೆಂದು ಆತನೇ ಸ್ಪಷ್ಟಪಡಿಸಿದ್ದನು. ಆದರೂ ಅಧಿಕೃತವಾದುದು ಇಲ್ಲದೆಡೆಯಲ್ಲಿ ಅವೇ ಆಧಾರವಾದುವು. ಸೈಪೈಯ ಅಧಿಕೃತ ವಿಂಡೋಸ್ ರೂಪವು ಮೊದಲ ಬಾರಿಗೆ ಪೈಥಾನಿನ ಸಾರ್ವಜನಿಕ ಭಂಡಾರದಲ್ಲಿ ದೊರೆತುದು ೨೦೧೭ರ ಅಕ್ಟೋಬರಿನಲ್ಲಿ, ಅದರ ೧.೦ ಆವೃತ್ತಿಯೊಡನೆ, ಅಂದರೆ ಹದಿನಾರು ವರ್ಷಗಳ ತರುವಾಯ. ೨೦೨೨ರಲ್ಲಿ ಪ್ರಯೋಗಶಾಲೆಯ ಧನಸಹಾಯವು ಕೊನೆಗೊಂಡಾಗ ಗೋಲ್ಕೆಯ ಆ ಸೇವೆಯೂ ಅಲ್ಲಿ ನಿಂತಿತು. ಅಷ್ಟು ಹೊತ್ತಿಗೆ ಹೆಚ್ಚಿನ ಭಂಡಾರಗಳು ತಮ್ಮ ವಿಂಡೋಸ್ ರೂಪಗಳನ್ನು ತಾವೇ ಒದಗಿಸುವ ಸ್ಥಿತಿಗೆ ಬಂದಿದ್ದುವೆಂಬುದು ಸಮಾಧಾನದ ಸಂಗತಿ. ಹತ್ತು ವರ್ಷ ಮೊದಲೇ ಹೀಗಾಗಿದ್ದಲ್ಲಿ ಎಷ್ಟು ಪ್ರಯೋಗಶಾಲೆಗಳ ಕೆಲಸವು ಸ್ಥಗಿತವಾಗುತ್ತಿತ್ತೆಂಬುದನ್ನು ವಾಚಕರೇ ಊಹಿಸಬಹುದು.

೭. ಹಂಚಿಕೆಯ ತೊಡಕುಗಳು

ಲಿನಕ್ಸಿನಲ್ಲಿ ತಂತ್ರಾಂಶಗಳನ್ನು ಸಂಗ್ರಹಿಸಿ, ಪರಿಶೀಲಿಸಿ, ಹಂಚುವ ಕೆಲಸವನ್ನು ವಿತರಣಾ ಸಂಸ್ಥೆಗಳು ವಹಿಸಿಕೊಂಡಿವೆ. ವಿಂಡೋಸಿನಲ್ಲಿ ಅಂಥ ಏರ್ಪಾಡು ಬಹುಕಾಲ ಇರಲಿಲ್ಲ. ಅನುಸ್ಥಾಪನೆಯ ಕಡತವನ್ನು ಕರ್ತೃಗಳೇ ರಚಿಸಿ ಎಲ್ಲಿಯಾದರೂ ಇಡಬೇಕಾಗಿತ್ತು. ಇದರ ಅಪಾಯವು ಗಿಂಪಿನ ವಿಷಯದಲ್ಲಿ ಕಂಡುಬಂದಿತು. ತಪ್ಪುದಾರಿಗೆಳೆಯುವ ಜಾಹೀರಾತುಗಳ ಕಾರಣದಿಂದ ಗಿಂಪ್ ಬಳಗವು ೨೦೧೩ರಲ್ಲಿ ಸೋರ್ಸ್‌ಫೋರ್ಜ್ ಎಂಬ ತಾಣವನ್ನು ತ್ಯಜಿಸಿತು. ೨೦೧೫ರ ಮೇ ತಿಂಗಳಲ್ಲಿ ಆ ತಾಣದವರು ಅಲ್ಲಿ ಉಳಿದಿದ್ದ ವಿಂಡೋಸ್ ಗಿಂಪಿನ ಖಾತೆಯನ್ನು ತಮ್ಮ ವಶಕ್ಕೆ ತೆಗೆದುಕೊಂಡು, ಅನ್ಯ ಕೊಡುಗೆಗಳನ್ನು ಜೋಡಿಸಿದ ಅನುಸ್ಥಾಪಕವನ್ನು ಹಂಚಿದುದು ಬಯಲಾಗಿ ತೀವ್ರ ಪ್ರತಿಭಟನೆಗೆ ಕಾರಣವಾಯಿತು.

ಸುರಕ್ಷತೆಯ ಹೊಸ ಕ್ರಮಗಳೂ ಸ್ವಯಂಸೇವಕರಿಗೆ ಹೊರೆಯಾದುವು. ೨೦೧೨ರ ವಿಂಡೋಸ್ ೮ರಿಂದ ಮುಂದೆ, ಅಪರಿಚಿತ ತಂತ್ರಾಂಶವನ್ನು ಇಳಿಸಿಕೊಂಡು ನಡೆಸಹೊರಟರೆ ವ್ಯವಸ್ಥೆಯೇ ಎಚ್ಚರಿಕೆಯನ್ನು ತೋರಿಸುತ್ತದೆ. ಇದನ್ನು ನಿವಾರಿಸಲು ಬೇಕಾದ ಸಹಿಪತ್ರಕ್ಕೆ ಸಾಮಾನ್ಯವಾಗಿ ಕಾಲಕಾಲಕ್ಕೆ ಹಣ ತೆರಬೇಕು. ೨೦೨೩ರ ಜೂನಿನಿಂದ ಸಹಿಯ ಗುಪ್ತಕೀಲಿಯನ್ನು ವಿಶೇಷ ಯಂತ್ರಾಂಶದಲ್ಲಿಯೇ ಇಡಬೇಕೆಂಬ ನಿಯಮವೂ ಬಂದಿತು. ನಿಯಮದ ಉದ್ದೇಶವು ಸಾಧುವಾದುದೇ. ಆದರೆ ಸಂಸ್ಥೆಯೊಂದಕ್ಕೆ ಅಲ್ಪವಾದ ಈ ವೆಚ್ಚವು ತನ್ನ ಸಂಜೆಗಳನ್ನು ಉಚಿತವಾಗಿ ಕೊಟ್ಟವನಿಗೆ ಅಲ್ಪವಲ್ಲ.

೮. ಮೈಕ್ರೋಸಾಫ್ಟ್ ಸಂಸ್ಥೆಯ ನಿಲುವಿನ ಪರಿವರ್ತನೆ

ಮೈಕ್ರೋಸಾಫ್ಟ್ ಎ‌ಂದೂ ಬಾಗಿಲನ್ನು ತೆರೆಯಲಿಲ್ಲವೆಂಬುದು ಚರಿತ್ರೆಗೆ ಸಮ್ಮತವಲ್ಲ. ೧೯೯೩ರ ವಿಂಡೋಸ್ ಎನ್‌ಟಿಯಲ್ಲಿಯೇ ಯೂನಿಕ್ಸ್ ಮಾದರಿಯ ಒಂದು ಉಪವ್ಯವಸ್ಥೆಯಿತ್ತು. ಅಮೆರಿಕ ಸರ್ಕಾರದ ಖರೀದಿಯ ನಿಯಮಗಳನ್ನು ಪೂರೈಸಲು ಸೇರಿಸಿದ ಅದು ಇಕ್ಕಟ್ಟಾಗಿದ್ದು ಹೆಚ್ಚಿನ ಉಪಯೋಗಕ್ಕೆ ಬರಲಿಲ್ಲ. ೧೯೯೯ರಲ್ಲಿ ಕೊಂಡ ಇಂಟರಿಕ್ಸ್ ಎಂಬ ಉತ್ತಮ ಉಪವ್ಯವಸ್ಥೆಯನ್ನು ಸಂಸ್ಥೆಯು ೨೦೦೪ರಲ್ಲಿ ಉಚಿತವಾಗಿ ಹಂಚಿತಾದರೂ ೨೦೧೩ರ ವಿಂಡೋಸ್ ೮.೧ರಲ್ಲಿ ಅದರ ಉತ್ತರಾಧಿಕಾರಿಗೆ ಸ್ಥಾನವಿರಲಿಲ್ಲ.

ನಿಜವಾದ ಪರಿವರ್ತನೆಯು ೨೦೧೪ರಿಂದ ಈಚಿನದು. ಆ ವರ್ಷದ ಕೊನೆಗೆ ಮುಕ್ತ ತಂತ್ರಾಂಶ ಕರ್ತೃಗಳಿಗೆ ಕಂಪೈಲರು ಸಹಿತವಾದ ವಿಷುಯಲ್ ಸ್ಟುಡಿಯೋ ಉಚಿತವಾಗಿ ದೊರೆಯಿತು. ೨೦೧೬ರಲ್ಲಿ ಲಿನಕ್ಸ್ ತಂತ್ರಾಂಶಗಳನ್ನು ಹಾಗೆಯೇ ನಡೆಸುವ ಉಪವ್ಯವಸ್ಥೆಯು ಪ್ರಕಟವಾಯಿತು. ೨೦೧೯ರ ಅದರ ಎರಡನೆಯ ರೂಪದಲ್ಲಿ ಲಿನಕ್ಸಿನ ತಿರುಳೇ ಇದೆ. ೨೦೨೫ರಲ್ಲಿ ಅದರ ಮೂಲಪಾಠವೂ ಮುಕ್ತವಾಯಿತು. ೨೦೧೭ರಲ್ಲಿ ಸಂಸ್ಥೆಯು ಸುಮಾರು ೩೫ ಲಕ್ಷ ಕಡತಗಳ ವಿಂಡೋಸಿನ ಮೂಲಪಾಠವನ್ನೇ ಗಿಟ್ಟಿಗೆ ಒಪ್ಪಿಸಿತು. ಸ್ವಯಂಸೇವಕರು ಕಷ್ಟಪಟ್ಟು ವಿಂಡೋಸಿಗೆ ತಂದ ಉಪಕರಣವು ವಿಂಡೋಸಿನ ನಿರ್ಮಾಣಕ್ಕೇ ಆಧಾರವಾದುದು ಈ ಚರಿತ್ರೆಯ ಒಂದು ವಿಚಿತ್ರ ತಿರುವು. ಪ್ರತಿಯೊಂದು ತಿದ್ದುಪಡಿಯನ್ನೂ ವಿಂಡೋಸಿನಲ್ಲಿ ತಾನಾಗಿ ಪರೀಕ್ಷಿಸುವ ಉಚಿತ ಸೌಲಭ್ಯಗಳೂ ಈ ಅವಧಿಯಲ್ಲಿ ಬಳಕೆಗೆ ಬಂದು, ಸ್ವಂತ ವಿಂಡೋಸ್ ಯಂತ್ರವಿಲ್ಲದ ಕರ್ತೃಗಳಿಗೆ ಮಹೋಪಕಾರವಾಯಿತು.

ಆದರೆ ಸಂಸ್ಥೆಯ ನೆರವೂ ಶಾಶ್ವತವಲ್ಲ. ಪಿಎಚ್‌ಪಿ ಭಾಷೆಯ ವಿಂಡೋಸ್ ರೂಪಗಳಿಗೆ ಅನೇಕ ವರ್ಷ ನೆರವಾಗಿದ್ದ ಮೈಕ್ರೋಸಾಫ್ಟ್, ಎಂಟನೆಯ ಆವೃತ್ತಿಯಿಂದ ಮುಂದೆ ಆ ನೆರವನ್ನು ಮುಂದುವರಿಸುವುದಿಲ್ಲವೆಂದು ೨೦೨೦ರ ಜುಲೈಯಲ್ಲಿ ತಿಳಿಸಿತು. ಆಗ ಮತ್ತೆ ಆ ಸಮುದಾಯದವರೇ ಕೆಲಸವನ್ನು ಕೈಗೆತ್ತಿಕೊಳ್ಳಬೇಕಾಯಿತು.

೯. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸಿದ್ಧಪಡುತ್ತವೆ. ಯೂನಿಕ್ಸ್ ಮತ್ತು ವಿಂಡೋಸುಗಳ ನಡುವಣ ತಾಂತ್ರಿಕ ಅಂತರವು ನಿಜವಾದುದು. ಅದಕ್ಕೆ ಚಾರಿತ್ರಿಕ ಕಾರಣಗಳಿವೆ. ಅದು ಕಾಲಕ್ರಮದಲ್ಲಿ ಬಹುಮಟ್ಟಿಗೆ ಕಿರಿದಾಗಿದೆ. ನಿರ್ವಹಣೆಯ ಶ್ರಮವಾದರೋ ಕಿರಿದಾಗಿಲ್ಲ. ಲಿನಕ್ಸಿನಲ್ಲಿ ಬಳಕೆದಾರರ ಒಂದು ದೊಡ್ಡ ಪಾಲು ಸ್ವತಃ ಕರ್ತೃಗಳೂ ಆಗಿದ್ದುದರಿಂದ ದೋಷವನ್ನು ಕಂಡವನೇ ತಿದ್ದುವುದು ಸಾಧ್ಯವಿತ್ತು. ವಿಂಡೋಸಿನಲ್ಲಿ ದೋಷವನ್ನು ಕಂಡವರು ಅನೇಕರಾದರೂ ತಿದ್ದಬಲ್ಲವರು ವಿರಳರಾದುದರಿಂದ, ತಂತ್ರಾಂಶದ ಜನಪ್ರಿಯತೆಯು ಹೆಚ್ಚಿದಷ್ಟೂ ನಿರ್ವಾಹಕನ ಹೊರೆಯೂ ಹೆಚ್ಚಿತು. ಡೆಲೋರಿ, ಲಿಲ್‌ಕ್ವಿಸ್ಟ್, ಶಿಂಡೆಲಿನ್, ಗೋಲ್ಕೆ ಮುಂತಾದವರ ಹೆಸರುಗಳು ಈ ಚರಿತ್ರೆಯಲ್ಲಿ ಇಷ್ಟು ಒಂಟಿಯಾಗಿ ಕಾಣಿಸಿಕೊಳ್ಳುವುದಕ್ಕೆ ಇದೇ ಕಾರಣ.

ಚರಿತ್ರಕಾರನಿಗೆ ಇದರಿಂದ ಒಂದು ಪಾಠವಿದೆ. ಉಪಕರಣವನ್ನು ರಚಿಸಿದವರ ಹೆಸರನ್ನು ದಾಖಲೆಗಳು ಕಾಪಾಡುತ್ತವೆ; ಅದನ್ನು ನಡೆಯುವ ಸ್ಥಿತಿಯಲ್ಲಿ ಇಟ್ಟವರ ಹೆಸರು ತಿದ್ದುಪಡಿಗಳ ಪಟ್ಟಿಗಳಲ್ಲಿ ಹುದುಗಿಹೋಗುತ್ತದೆ. ಕೆರೆಯನ್ನು ಕಟ್ಟಿಸಿದವನ ಹೆಸರನ್ನು ಹೇಳುವ ಶಾಸನಗಳು ನಮ್ಮಲ್ಲಿ ಬೇಕಾದಷ್ಟಿವೆ. ವರ್ಷವರ್ಷವೂ ಹೂಳೆತ್ತುವುದಕ್ಕೆಂದು ಕೆರೆಗೊಡಗೆಯನ್ನು ಬಿಟ್ಟುದನ್ನು ಹೇಳುವ ಶಾಸನಗಳೂ ಇವೆ. ಕೆರೆಯನ್ನು ಕಟ್ಟಿಸಿದ ಪುಣ್ಯವೊಂದರಿಂದಲೇ ಅದರಲ್ಲಿ ನೀರು ನಿಲ್ಲದೆಂಬುದನ್ನು ನಮ್ಮ ಹಿರಿಯರು ಅರಿತಿದ್ದರು. ಮುಕ್ತ ತಂತ್ರಾಂಶವನ್ನು ಪಾಠಕ್ಕೂ ಸಂಶೋಧನೆಗೂ ನಿತ್ಯವೂ ಬಳಸುವ ವಿದ್ಯಾಸಂಸ್ಥೆಗಳು ಅದರ ನಿರ್ವಹಣೆಗೆ ಯಾವ ಕೊಡಗೆಯನ್ನು ಬಿಟ್ಟಿವೆಯೆಂಬ ಪ್ರಶ್ನೆಯನ್ನು ನಾವು ಮೊದಲು ನಮ್ಮನ್ನೇ ಕೇಳಿಕೊಳ್ಳಬೇಕಾಗಿದೆ. ಕನ್ನಡದ ಕಡತನಾಮವೊಂದು ತೆರೆಯದಿದ್ದಾಗ ಅದನ್ನು ನಿಖರವಾಗಿ ವರದಿಮಾಡುವುದು, ಹೊಸ ಆವೃತ್ತಿಯನ್ನು ತಮ್ಮ ಯಂತ್ರಗಳಲ್ಲಿ ಪರೀಕ್ಷಿಸಿ ತಿಳಿಸುವುದು, ಬಲ್ಲವರು ತಿದ್ದಿಕೊಡುವುದು, ಇವು ನಮ್ಮ ವಿದ್ಯಾರ್ಥಿಗಳ ಶಕ್ತಿಗೆ ಮೀರಿದುವಲ್ಲ. ಈ ಚರಿತ್ರೆಯ ಮುಂದಿನ ಅಧ್ಯಾಯದಲ್ಲಿ ಒಂಟಿ ಹೆಸರುಗಳು ಕಡಮೆಯಾಗಬೇಕಾದರೆ ಅದಕ್ಕೆ ಇಂಥ ಸಣ್ಣ ಕೆಲಸಗಳೇ ಆರಂಭ.